ಟವಲಿನ ಕೆಳಗಿನ ಸಂಬಳ

ಮೂರು ಮಸಾಲೆದೋಸೆ, ಮೂರು ಕಾಫಿಯ ಬಿಲ್ಲನ್ನು ಯಾರು ಕೊಡಬೇಕು ಎಂಬುದು ೧೯೬೨ರ ಬೇಸಿಗೆಯಲ್ಲಿ ಯಶವಂತಪುರದ ಮುಂದಿದ್ದ ಅತಿ ಗಹನವಾದ ಪ್ರಶ್ನೆ. ಮಹಾಚುನಾವಣೆ ಆಗಷ್ಟೇ ಮುಗಿದಿತ್ತು. ಯಾರು ಗೆದ್ದರು, ಯಾರು ಸೋತರು ಎಂಬುದು ಎಲ್ಲರಿಗೂ ತಿಳಿದು, ಜನ ಅದನ್ನು ಮರೆಯುವುದಕ್ಕೂ ಶುರುಮಾಡಿದ್ದರು. ಬಿಲ್ಲಿನ ಪ್ರಶ್ನೆ ಮಾತ್ರ ಪ್ರತಿ ತಿಂಗಳ ಮೊದಲ ತಾರೀಕು ಹೊಸದಾಗಿ ಎದ್ದು ನಿಲ್ಲುತ್ತಿತ್ತು.

ಅದು ಧರ್ಮಾಸ್ಪತ್ರೆಯಲ್ಲಿ ಸಂಬಳದ ದಿನ. ಅವತ್ತು ಸಾಯಂಕಾಲ ಅಲ್ಲಿನ ಮೂವರು ನರ್ಸುಗಳು ಸ್ಟೇಷನ್ ರಸ್ತೆಯ ಹೋಟೆಲಿಗೆ ಬಂದು, ಫ್ಯಾಮಿಲಿ ರೂಮಿನ ಪರದೆ ಎಳೆದುಕೊಂಡು, ದೋಸೆ ತಿಂದು, ಬಿಲ್ಲಿಗಾಗಿ ಜಗಳವಾಡುತ್ತಿದ್ದರು. ಯಾರೂ ದುಡ್ಡು ಬಿಚ್ಚದೆ ಆಗುವ ಜಗಳವನ್ನು ಆ ಹೋಟೆಲು ಬೇಕಾದಷ್ಟು ನೋಡಿತ್ತು. ಇವರದು ಮೂವರೂ ಬಿಚ್ಚುವ ಜಗಳ. ಒಬ್ಬಳು ಬಿಲ್ಲಿನ ಚೀಟಿ ಕಸಿದುಕೊಂಡರೆ ಇನ್ನೊಬ್ಬಳು ಅವಳ ಪರ್ಸಿನ ಮೇಲೆ ಕೈಯಿಡುವಳು. ಅಷ್ಟರಲ್ಲಿ ಮೂರನೆಯವಳು ಗಲ್ಲಾದ ಹತ್ತಿರ ಓಡಿರುತ್ತಿದ್ದಳು. ಗಲ್ಲಾದ ಮೇಲೆ ಕೂರುವ ನರಸಿಂಹಯ್ಯನವರು, ಇಂಥ ಸ್ನೇಹ ಈ ಕಾಲದಲ್ಲಿ ಅಪರೂಪ ಎಂದು ಗಿರಾಕಿಗಳಿಗೆ ಹೇಳುತ್ತಿದ್ದರು.

ಸ್ನೇಹವೇನೋ ಇತ್ತು. ಆದರೆ ಬಿಲ್ಲಿಗೆ ಕಾರಣ ಸ್ನೇಹವಲ್ಲ, ಆಸ್ಪತ್ರೆಯ ಮ್ಯಾನೇಜರ್ ವೆಂಕಟರಾಮಯ್ಯನವರು.

ಮಂಡಿ ವ್ಯಾಪಾರಿಗಳು ಕೆಲವರು ಸೇರಿ ಪುಣ್ಯಕ್ಕೆಂದು ನಡೆಸುತ್ತಿದ್ದ ಆಸ್ಪತ್ರೆ ಅದು. ತುಮಕೂರು ರಸ್ತೆಯ ಲಾರಿ ಜನ, ಮರದ ಮಿಲ್ಲಿನವರು, ಸುತ್ತಲ ಹಳ್ಳಿಗಳಿಂದ ಹೆರಿಗೆಗೆ ಬರುವ ಹೆಂಗಸರು ಅದಕ್ಕೆ ಆಧಾರ. ವೆಂಕಟರಾಮಯ್ಯನವರು ಮೆದು ಮಾತಿನ ಮನುಷ್ಯ; ಸಂಬಳವನ್ನೂ ಮೆದುವಾಗಿಯೇ ಕೊಡುತ್ತಿದ್ದರು. ನರ್ಸುಗಳನ್ನು ಒಬ್ಬೊಬ್ಬರಾಗಿ ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಅಂಟಿಸಿದ ಕವರನ್ನು ಎರಡು ಕೈಯಲ್ಲಿ ನೀಡಿ, ದನಿ ತಗ್ಗಿಸಿ ಒಂದು ಮಾತು ಹೇಳುವರು: ಕಮಿಟಿಯವರು ಮಿಕ್ಕವರಿಗಿಂತ ನಿಮಗೇ ಸ್ವಲ್ಪ ಹೆಚ್ಚಿಗೆ ಮಂಜೂರು ಮಾಡಿದ್ದಾರೆ, ಎಷ್ಟು ಅಂತ ಮಾತ್ರ ಯಾರ ಹತ್ತಿರವೂ ಬಾಯಿ ಬಿಡಬಾರದು, ಬೇರೆಯವರಿಗೆ ಬೇಜಾರಾಗುತ್ತೆ. ಕೆಲಸಕ್ಕೆ ಸೇರಿದ ತಿಂಗಳೇ ಗೋಡೆಯ ಮೇಲಿನ ವೆಂಕಟರಮಣನ ಪಟದ ಮುಂದೆ ಈ ಬಗ್ಗೆ ಪ್ರಮಾಣವಾಗಿರುತ್ತಿತ್ತು. ಬದರುನ್ನೀಸಾಳ ದೇವರಿಗೆ ಪಟವಿಲ್ಲದ ಕಾರಣ ಅವಳಿಂದ ತಿನ್ನುವ ಅನ್ನದ ಮೇಲೆ ಆಣೆ ಹಾಕಿಸಿದ್ದರು.

ಹೀಗಾಗಿ ಮೂವರಲ್ಲಿ ಪ್ರತಿಯೊಬ್ಬಳಿಗೂ ತನಗೇ ಹೆಚ್ಚು ಸಂಬಳವೆಂಬುದು ಖಚಿತವಾಗಿ ಗೊತ್ತಿತ್ತು. ಮೂವರೂ ಒಳ್ಳೆಯವರಾದ್ದರಿಂದ ಪ್ರತಿಯೊಬ್ಬಳಿಗೂ ಅದು ಒಳಗೊಳಗೇ ಚುಚ್ಚುತ್ತಿತ್ತು. ಹೆರಿಗೆ ವಾರ್ಡಿನ ಬದರುನ್ನೀಸಾ ಹಬ್ಬವಿರಲಿ ಇಲ್ಲದಿರಲಿ ಡಬ್ಬಿ ತುಂಬ ಶ್ಯಾವಿಗೆ ತಂದು ಉಳಿದಿಬ್ಬರಿಗೆ ಬಲವಂತವಾಗಿ ತಿನ್ನಿಸುವಳು. ಕೆಲಸಕ್ಕೆ ಹೊಸಬಳಾದ ಮುನಿನಾರಾಯಣಮ್ಮ ಬೇರೆಯವರ ಪಾಳಿಯ ಬೆಡ್‌ಪ್ಯಾನುಗಳನ್ನೂ ತಾನೇ ತೊಳೆದಿಟ್ಟು ಏನೂ ಗೊತ್ತಿಲ್ಲದವಳ ಹಾಗೆ ಇರುವಳು. ಎಲ್ಲರಿಗಿಂತ ಹಿರಿಯಳಾದ ಅಂಜನಮ್ಮ, ಇಬ್ಬರಲ್ಲಿ ಯಾರಿಗೆ ತಲೆ ನೋವು ಬಂದರೂ ಅವರ ನೈಟ್ ಡ್ಯೂಟಿಯನ್ನು ತನ್ನ ಮೇಲೆ ಹಾಕಿಕೊಳ್ಳುವಳು. ಹೆಚ್ಚಿಗೆ ತೆಗೆದುಕೊಳ್ಳುವವಳು ಹೆಚ್ಚಿಗೆ ಮಾಡದಿದ್ದರೆ ಹೇಗೆ? ಆಸ್ಪತ್ರೆ ಬಹಳ ಚೆನ್ನಾಗಿ ನಡೆಯುತ್ತಿತ್ತು.

ಅಂಜನಮ್ಮನ ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮಗಳು ಲಕ್ಷ್ಮಿದೇವಿ ಚಿಕ್ಕಬಾಣಾವರದಲ್ಲಿ ಅಜ್ಜಿಯ ಹತ್ತಿರ ಇದ್ದಳು. ಆಸ್ಪತ್ರೆಯ ಹಿಂದಿನ ನರ್ಸುಗಳ ಕೋಣೆಯಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ. ರೈಲಿನಲ್ಲಿ ಹೋದರೆ ಊರು ಮಹಾ ಎಷ್ಟು ಹೊತ್ತಿನ ದಾರಿ? ಆದರೆ ನೈಟ್ ಡ್ಯೂಟಿ ಮಾಡಿದವಳು ಹಗಲು ಸೀಟಿನಲ್ಲಿ ಕೂತರೆ ಇಳಿಯುವ ಸ್ಟೇಷನ್ನಿನಲ್ಲಿ ಎಚ್ಚರವಾಗುವುದೇ ಕಷ್ಟ. ಒಂದು ಸಲ ತುಮಕೂರಿನವರೆಗೂ ನಿದ್ದೆ ಮಾಡಿಕೊಂಡು ಹೋಗಿ ಬಂದಿದ್ದಳು. ಈಗ ಮಗಳ ನಾಲ್ಕನೆಯ ಕ್ಲಾಸು ಮುಗಿದಿತ್ತು, ಊರಿನ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು. ಹುಡುಗಿ ಓದಿದ್ದು ಸಾಕು, ಎಮ್ಮೆ ನೋಡಿಕೊಳ್ಳಲಿ ಎಂದು ಅಜ್ಜಿ ವೆಂಕಟಲಕ್ಷ್ಮಮ್ಮನ ತೀರ್ಮಾನ. ಜೂನ್ ಒಳಗೆ ಯಶವಂತಪುರದಲ್ಲಿ ಒಂದು ಮನೆ ಸಿಕ್ಕಿದರೆ ಶಾಲೆ, ಇಲ್ಲವಾದರೆ ಎಮ್ಮೆ.

ಮನೆಯೊಂದು ಖಾಲಿ ಇತ್ತು. ಮಾಕಳಿಯಿಂದ ಸೊಸೆಯಾಗಿ ಬಂದ ಪಟಾಲಮ್ಮ ಮತ್ತು ಅವಳ ಗಂಡ ಚಿಕ್ಕಬೈರಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಒಂದು ಮೂಲೆಯಲ್ಲಿ ಸಾಲಾಗಿ ಹೆಂಚಿನ ಮನೆಗಳನ್ನು ಕಟ್ಟಿಸಿದ್ದರು. ರಾಗಿಗಿಂತ ಬಾಡಿಗೆಗೆ ಕಳೆ ಕೀಳುವ ಕೆಲಸ ಕಡಿಮೆ ಎಂಬುದು ಅವರಿಗೆ ಊರಿನವರೆಲ್ಲರಿಗಿಂತ ಮೊದಲು ಹೊಳೆದಿತ್ತು. ಚಿಕ್ಕಬೈರಪ್ಪ ಜಗಲಿಯ ಮೇಲೆ ಕೂತು ಬಂದವರಿಗೆ ಎಲೆಅಡಿಕೆ ಕೊಡುವನು, ವ್ಯಾಪಾರವೆಲ್ಲ ಪಟಾಲಮ್ಮನದು.

ಏಪ್ರಿಲಿನಲ್ಲಿ ಅಂಜನಮ್ಮ ಮನೆ ನೋಡಲು ಹೋದಾಗ ಪಟಾಲಮ್ಮ ಬಾಡಿಗೆ ಇಪ್ಪತ್ತೈದು ಎಂದಳು. ಮರುಕ್ಷಣವೇ, ಎತ್ತಿಗೆ ಎಷ್ಟು ಹಲ್ಲು ಎಂದು ವಿಚಾರಿಸುವ ದನಿಯಲ್ಲಿ, ಸಂಬಳ ಎಷ್ಟು ಎಂದು ಕೇಳಿದಳು. ಪೇಟೆಯಲ್ಲಿ ಹೆಂಗಸರನ್ನು ವಯಸ್ಸು ಕೇಳಿದರೂ ಕೇಳಬಹುದು, ಯಾರನ್ನೂ ಸಂಬಳ ಕೇಳಬಾರದು ಎಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

“ಹೇಳೋ ಹಂಗಿಲ್ಲಮ್ಮ,” ಎಂದಳು ಅಂಜನಮ್ಮ. “ಬಾಯಿ ಬಿಡಲ್ಲ ಅಂತ ದೇವರ ಮುಂದೆ ಪ್ರಮಾಣ ಮಾಡಿದ್ದೀನಿ.”

“ಬಾಯಿ ಯಾಕ್ ಬಿಡ್ತೀಯವ್ವಾ? ಬೆರಳು ಐತಲ್ಲ.”

ಪಟಾಲಮ್ಮ ಗಂಡನ ಹೆಗಲ ಮೇಲಿನ ಟವಲನ್ನು ಅವನನ್ನು ಕೇಳದೆಯೇ ಎಳೆದುಕೊಂಡು, ಅಂಜನಮ್ಮನ ಬಲಗೈ ಮೇಲೆ ಹೊದಿಸಿ, ಅದರ ಕೆಳಗೆ ತನ್ನ ಕೈ ತೂರಿಸಿದಳು. ಘಾಟಿಯ ದನದ ಪರಿಷೆಯಲ್ಲಿ ಎತ್ತಿನ ಬೆಲೆ ಕಟ್ಟುವುದು ಹೀಗೆ. ದಳ್ಳಾಳಿಯೂ ಮಾರುವವನೂ ಟವಲಿನ ಕೆಳಗೆ ಬೆರಳು ಹಿಡಿದು ಮಾತಾಡುತ್ತಾರೆ, ಸುತ್ತ ನಿಂತವರಿಗೆ ಮುಖ ಮಾತ್ರ ಕಾಣುತ್ತದೆ. ಒಂದು ಬೆರಳು ಹಿಡಿದರೆ ಹತ್ತು, ಐದೂ ಬೆರಳು ಒಟ್ಟಿಗೆ ಹಿಡಿದರೆ ಐವತ್ತು, ಬೆರಳಿನ ನಡುಗೆಣ್ಣು ಒತ್ತಿದರೆ ಐದು ಎಂದು ಪಟಾಲಮ್ಮ ಪಾಠ ಹೇಳಿಕೊಟ್ಟಳು. ಅಂಜನಮ್ಮ ಸ್ವಲ್ಪ ಯೋಚಿಸಿದಳು. ಪ್ರಮಾಣದಲ್ಲಿ ಬೆರಳಿನ ಮಾತು ಬಂದಿರಲಿಲ್ಲ. ಅವಳು ಪಟಾಲಮ್ಮನ ಐದೂ ಬೆರಳು ಹಿಡಿದಳು, ಆಮೇಲೆ ಮೂರು ಹಿಡಿದಳು, ಆಮೇಲೆ ಒಂದು ಗೆಣ್ಣು ಒತ್ತಿದಳು.

ಪಟಾಲಮ್ಮ ಇನ್ನೂ ಏನಾದರೂ ಬರಬಹುದೆಂದು ಕೈ ಹಾಗೆಯೇ ಇಟ್ಟುಕೊಂಡಿದ್ದಳು. ಬರಲಿಲ್ಲ.

“ಇಷ್ಟೇನಾ?”

“ಆಸ್ಪತ್ರೇಲಿ ನಂದೇ ಎಲ್ಲರಿಗಿಂತ ಜಾಸ್ತಿ,” ಎಂದಳು ಅಂಜನಮ್ಮ, ಸ್ವಲ್ಪ ಹೆಮ್ಮೆಯಿಂದಲೇ.

“ಅಂತ ಯಾರ್ ಏಳಿದ್ರು?”

“ಮ್ಯಾನೇಜರೇ ಹೇಳಿದ್ದಾರೆ. ಯಾರಿಗೂ ಗೊತ್ತಾಗಬಾರದು ಅಂತ.”

ಪಟಾಲಮ್ಮ ಟವಲನ್ನು ಗಂಡನ ಹೆಗಲಿಗೆ ವಾಪಸ್ಸು ಎಸೆದಳು. “ಈ ಟವಲ್ಲು ಯಾಕ್ ಆಕ್ತಾರೆ ಗೊತ್ತೇನವ್ವಾ? ಪಕ್ಕದ ಎತ್ತಿನೋನಿಗೆ ಕಾಣ್ದೇ ಇರ್ಲಿ ಅಂತ. ನಮ್ಮ ದಳ್ಳಾಳಿ ಒಬ್ಬೊಬ್ಬನ ಕಿವೀಲೂ ಇಂಗೇ ಅನ್ನೋನು, ನಿನ್ನೆತ್ತಿಗೇ ಜಾಸ್ತಿ ಕೊಡಿಸಿವ್ನಿ, ಯಾರ್ಗೂ ಏಳ್ಬ್ಯಾಡ ಅಂತ. ಅವ್ನು ಮೂರಂತಸ್ತು ಮನೆ ಕಟ್ಸವ್ನೆ.”

ಮನೆಯ ವಿಷಯದಲ್ಲಿ ಅವಳು ಖಂಡಿತವಾಗಿ ಹೇಳಿದಳು: ಈ ಸಂಬಳದಲ್ಲಿ ಬಾಡಿಗೆ ಕೊಟ್ಟರೆ ಮಗು ಉಪವಾಸ ಬೀಳುತ್ತದೆ, ಮಗುವಿಗೆ ಊಟ ಹಾಕಿದರೆ ಬಾಡಿಗೆ ಬರುವುದಿಲ್ಲ, ಎರಡೂ ತನಗೆ ಬೇಡ. ಶಾಲೆ ಶುರುವಾಗುವವರೆಗೆ ಬೇರೆ ಯಾರಿಗೂ ಕೊಡದೆ ಇಟ್ಟಿರುತ್ತೇನೆ, ಅಷ್ಟರೊಳಗೆ ಸಂಬಳ ಹೆಚ್ಚಿಸಿಕೊಂಡು ಬಾ ಎಂದಳು. ಚಿಕ್ಕಬೈರಪ್ಪ ಎಲೆಅಡಿಕೆ ಕೊಟ್ಟ.

ದಳ್ಳಾಳಿಯ ಕಥೆಯನ್ನು ಅಂಜನಮ್ಮ ನಂಬಲಿಲ್ಲ. ವೆಂಕಟರಾಮಯ್ಯನವರು ಏಕಾದಶಿ ಮಾಡುವವರು. ದಾರಿಯುದ್ದಕ್ಕೂ ಅವಳನ್ನು ಕಾಡಿದ ಯೋಚನೆಯೇ ಬೇರೆ. ಎಲ್ಲರಿಗಿಂತ ಹೆಚ್ಚು ಬರುವ ತನಗೇ ಒಂದು ಮನೆ ಹಿಡಿಯುವುದಕ್ಕಾಗದಿದ್ದರೆ, ಪಾಪ, ಆ ಇಬ್ಬರು ಹೇಗೆ ಬದುಕುತ್ತಿದ್ದಾರೆ? ಅಂದಿನಿಂದ ಅವಳು ಅವರನ್ನು ಕನಿಕರದಿಂದ ನೋಡತೊಡಗಿದಳು. ಹಾಗೆ ನೋಡುತ್ತಿದ್ದಾಗಲೇ ಮುನಿನಾರಾಯಣಮ್ಮನ ಕೈಯಲ್ಲಿ ಹೊಸ ವಾಚು ಕಣ್ಣಿಗೆ ಬಿತ್ತು. ಕನಿಕರಕ್ಕೆ ಅದು ಸ್ವಲ್ಪ ಅಡ್ಡ ಬಂತು.

ಮೇ ತಿಂಗಳ ಮೊದಲ ತಾರೀಕು ದೋಸೆಯಾಯಿತು, ಕಾಫಿಯಾಯಿತು, ಸೋಂಪಿನ ತಟ್ಟೆಯಲ್ಲಿ ಬಿಲ್ಲು ಬಂತು. ಇಬ್ಬರ ಕೈಗಳು ತಟ್ಟೆಯ ಮೇಲೆ ಡಿಕ್ಕಿ ಹೊಡೆದವು. ಮೂರನೆಯ ಕೈ ಬರಲಿಲ್ಲ. ಇಬ್ಬರೂ ಅಂಜನಮ್ಮನ ಮುಖ ನೋಡಿದರು. ಮೈ ಹುಷಾರಿಲ್ಲವೇ ಎಂದು ಬದರುನ್ನೀಸಾ ಹಣೆ ಮುಟ್ಟಿ ನೋಡಿದಳು.

ಅಂಜನಮ್ಮ ಮನೆಯ ಕಥೆ ಹೇಳಿದಳು. ಕೊನೆಗೆ, “ಈ ತಿಂಗಳಿಂದ ನಾನು ಬಿಲ್ ಕೊಡಲ್ಲ ಕಣ್ರೇ, ತಪ್ಪು ತಿಳ್ಕೋಬೇಡಿ,” ಎಂದಳು. “ಇಷ್ಟು ದಿನ ಕೊಟ್ಟಿದ್ದು ನಿಮಗಿಂತ ನಂಗೆ ಜಾಸ್ತಿ ಬರುತ್ತಲ್ಲ ಅಂತ.”

ಬದರುನ್ನೀಸಾ ಬಾಯಿಗೆ ಹಾಕಿಕೊಂಡ ಸೋಂಪನ್ನು ಜಗಿಯುವುದು ನಿಲ್ಲಿಸಿದಳು. “ನಿಂಗೆ ಜಾಸ್ತೀನಾ? ಅಕ್ಕಾ, ನಂಗೆ ಜಾಸ್ತಿ. ಅದಕ್ಕೇ ಅಲ್ವಾ ನಾನು ಶ್ಯಾವಿಗೆ ತರೋದು?”

ಮುನಿನಾರಾಯಣಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಕೈ ತೆಗೆದು, ಈ ಒಂದು ವರ್ಷದಿಂದ ಕದ್ದು ತೊಳೆದ ಬೆಡ್‌ಪ್ಯಾನುಗಳ ವಿಷಯ ಒಪ್ಪಿಕೊಂಡಳು.

ಇನ್ನು ಉಳಿದದ್ದು ಎಷ್ಟು ಎಂಬ ಪ್ರಶ್ನೆ. ಅದನ್ನು ಬಾಯಲ್ಲಿ ಹೇಳಲು ಒಬ್ಬರಿಗೂ ಧೈರ್ಯವಿರಲಿಲ್ಲ. ಇಬ್ಬರು ವೆಂಕಟರಮಣನಿಗೆ ಹೆದರಿದರು, ಒಬ್ಬಳು ಅನ್ನಕ್ಕೆ. ಅಂಜನಮ್ಮ ಚೀಲದಿಂದ ಕೈ ಟವಲು ತೆಗೆದು ಮೇಜಿನ ಮೇಲೆ ಹಾಸಿ, ಘಾಟಿಯ ಲೆಕ್ಕ ವಿವರಿಸಿದಳು.

ಬದರುನ್ನೀಸಾಳ ಸರದಿ ಮೊದಲು. ಅವಳಿಗೆ ಕಚಗುಳಿ ಜಾಸ್ತಿ. ಬೆರಳು ಹಿಡಿದಾಗಲೆಲ್ಲ ಕಿಸಕ್ಕೆಂದು ನಕ್ಕು ಎರಡು ಸಲ ಲೆಕ್ಕ ತಪ್ಪಿಸಿದಳು. ಮೂರನೆಯ ಸಲ ಸರಿಯಾಗಿ ಬಂತು: ಪೂರಾ ಕೈ, ಮತ್ತೆ ಪೂರಾ ಕೈ, ಒಂದು ಗೆಣ್ಣು. ಅಂಜನಮ್ಮ ಮುನಿನಾರಾಯಣಮ್ಮನ ಕಡೆ ತಿರುಗಿದಳು. ಆ ಹುಡುಗಿ ಪೂರಾ ಕೈ ಹಿಡಿದಳು, ಆಮೇಲೆ ಮೂರು ಬೆರಳು ಹಿಡಿದು ಅಲ್ಲಿಗೇ ನಿಲ್ಲಿಸಿದಳು.

“ಪೂರ್ತಿ ಹೇಳೇ,” ಎಂದಳು ಅಂಜನಮ್ಮ.

ಹುಡುಗಿ ನಾಲ್ಕನೆಯ ಬೆರಳು ಹಿಡಿದಳು. ಅವಳಿಗೆ ಇಂಜೆಕ್ಷನ್ ಕೊಡುವುದನ್ನು ಕಲಿಸಿದವಳು ಅಂಜನಮ್ಮ.

ಅದೇ ಸಮಯಕ್ಕೆ ನೀರು ತಂದ ಸಪ್ಲೈಯರ್ ಪರದೆ ಸರಿಸಿದ. ಮೂವರು ನರ್ಸಮ್ಮಗಳು ಒಂದು ಟವಲಿನ ಕೆಳಗೆ ಕೈಕೈ ಹಿಡಿದು, ಯಾರೋ ಸತ್ತುಹೋದ ಹಾಗೆ ಮುಖ ಮಾಡಿಕೊಂಡು ಕೂತಿದ್ದರು. ಅವನು ನೀರನ್ನು ಹಾಗೆಯೇ ವಾಪಸ್ಸು ತೆಗೆದುಕೊಂಡು ಹೋದ.

“ನೀನು ಎಷ್ಟು ಅಂತ ಹೇಳಲೇ ಇಲ್ಲ, ಅಕ್ಕ,” ಎಂದಳು ಬದರುನ್ನೀಸಾ. ಅಂಜನಮ್ಮ ಹೇಳಿದಳು: ಐದು, ಮೂರು, ಗೆಣ್ಣು. ಬದರುನ್ನೀಸಾ ಕೈ ಬಿಡದೆ ಉರ್ದುವಿನಲ್ಲಿ ವೆಂಕಟರಾಮಯ್ಯನವರ ಬಗ್ಗೆ ಒಂದು ಮಾತು ಹೇಳಿದಳು. ಅರ್ಥ ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

ಹದಿಮೂರು ವರ್ಷದ ಸರ್ವಿಸಿನಲ್ಲಿ ಅಂಜನಮ್ಮ ಒಂದು ದಿನವೂ ಹೆಚ್ಚಿಗೆ ಕೊಡಿ ಎಂದು ಕೇಳಿರಲಿಲ್ಲ. ಎಲ್ಲರಿಗಿಂತ ಹೆಚ್ಚು ತೆಗೆದುಕೊಳ್ಳುವವಳು ಯಾವ ಮುಖದಿಂದ ಕೇಳುತ್ತಾಳೆ? ಹೊಸಬರು ಬಂದಾಗ ಹೊಸ ದರ, ಕೇಳಿದವರಿಗೆ ಕೇಳಿದ ದರ, ಸುಮ್ಮನಿದ್ದವಳಿಗೆ ಸುಮ್ಮನಿದ್ದ ದರ. ಅವಳು ಟವಲು ಮಡಿಸುತ್ತ ಬಹಳ ಹೊತ್ತು ಏನೋ ಲೆಕ್ಕ ಹಾಕಿದಳು. ದುಡ್ಡಿನ ಲೆಕ್ಕವಿರಬೇಕೆಂದು ಉಳಿದಿಬ್ಬರು ಅಂದುಕೊಂಡರು.

“ದುಡ್ಡು ಹಾಳಾಗ್ಲಿ,” ಎಂದಳು ಕೊನೆಗೆ. “ನನ್ನ ನೈಟ್ ಡ್ಯೂಟಿಗಳನ್ನ ವಾಪಸ್ ಕೊಡ್ರೇ.”

ಮೂವರೂ ನಕ್ಕರು. ಆ ನಗು ಗಲ್ಲಾದವರೆಗೂ ಕೇಳಿಸಿತು. ಬಿಲ್ಲನ್ನು ಮೂರು ಪಾಲು ಮಾಡಿ ಕೊಟ್ಟರು. ಸ್ನೇಹ ಕೆಟ್ಟಿತೆಂದು ನರಸಿಂಹಯ್ಯನವರು ಬಹಳ ನೊಂದುಕೊಂಡರು.

ಮಾರನೆಯ ಬೆಳಿಗ್ಗೆ ಮೂವರೂ ಒಟ್ಟಿಗೆ ಮ್ಯಾನೇಜರ ಕೋಣೆಯ ಮುಂದೆ ನಿಂತರು. ಒಳಗೆ ಬಂದವರಿಗೆಂದು ಇದ್ದದ್ದು ಒಂದೇ ಕುರ್ಚಿ. ವೆಂಕಟರಾಮಯ್ಯನವರು ಕುರ್ಚಿಯನ್ನೂ ಮೂವರನ್ನೂ ನೋಡಿ, ಒಬ್ಬೊಬ್ಬರಾಗಿ ಬನ್ನಿ ಎಂದರು.

“ಒಬ್ಬೊಬ್ಬರಾಗಿ ಬಂದಿದ್ದಕ್ಕೇ ಹಿಂಗಾಗಿದ್ದು ಸಾರ್,” ಎಂದಳು ಅಂಜನಮ್ಮ. ಮೂವರೂ ಒಳಗೆ ಬಂದು ಕುರ್ಚಿಯನ್ನು ಖಾಲಿ ಬಿಟ್ಟು ನಿಂತರು. ಬಾಗಿಲನ್ನು ಯಾರೂ ಮುಂದೆ ಮಾಡಲಿಲ್ಲ.

ವಿಷಯ ತಿಳಿದಾಗ ವೆಂಕಟರಾಮಯ್ಯನವರಿಗೆ ಮೊದಲು ನೋವಾದದ್ದು ಪ್ರಮಾಣ ಮುರಿದದ್ದಕ್ಕೆ. ಬಾಯಿ ಬಿಟ್ಟಿಲ್ಲವೆಂದು ಬದರುನ್ನೀಸಾ ಮತ್ತೊಮ್ಮೆ ಅನ್ನದ ಮೇಲೆ ಆಣೆ ಮಾಡಿ, ಬೆರಳಿನ ವಿಧಾನವನ್ನು ಮೇಜಿನ ಮೇಲಿದ್ದ ಬ್ಲಾಟಿಂಗ್ ಪೇಪರಿನ ಕೆಳಗೆ ಕೈಯಿಟ್ಟು ತೋರಿಸಿದಳು. ಅವರು ನ್ಯಾಯವಂತರು, ಪ್ರಮಾಣ ಮುರಿದಿಲ್ಲವೆಂದು ಒಪ್ಪಿಕೊಂಡರು. ಆಮೇಲೆ ತಮ್ಮ ಪಕ್ಷ ಹೇಳಿದರು. ಕಮಿಟಿಯ ದುಡ್ಡು ಪುಣ್ಯದ ದುಡ್ಡು, ನೋಡಿ ಖರ್ಚು ಮಾಡಬೇಕು. ಸಂಬಳ ಹೆಚ್ಚಿಸಲಾಗದಿದ್ದರೂ ಸಂತೋಷವನ್ನಾದರೂ ಹೆಚ್ಚಿಸೋಣ ಎಂಬುದು ಅವರ ಉದ್ದೇಶ. ಇಷ್ಟು ದಿನ ಮೂವರೂ ಸಂತೋಷವಾಗಿರಲಿಲ್ಲವೇ, ಎದೆ ಮುಟ್ಟಿಕೊಂಡು ಹೇಳಿ ಎಂದರು. ಇದ್ದದ್ದು ನಿಜ.

ಹೊರಗೆ ಬೆಂಚಿನ ಮೇಲೆ ರೋಗಿಗಳು ಕಾಯುತ್ತಿದ್ದರು. ಅಂಜನಮ್ಮ ಗೋಡೆಯ ಪಟವನ್ನೊಮ್ಮೆ ನೋಡಿದಳು. ಇನ್ನೊಂದು ತಿಂಗಳಲ್ಲಿ ಶಾಲೆಗೆ ಸೇರಿಸುವ ದಿನ ಬರುತ್ತಿತ್ತು.

“ನನ್ನ ಸಂಬಳ ಎಂಬತ್ತೈದು ರೂಪಾಯಿ ಸಾರ್,” ಎಂದಳು, ವಾರ್ಡಿನ ಆ ತುದಿಯ ರೋಗಿಗೆ ಕೇಳಿಸಬೇಕಾದಾಗ ತೆಗೆಯುವ ಗಂಟಲಿನಲ್ಲಿ. “ಇವಳದು ನೂರೈದು, ಈ ಹುಡುಗೀದು ತೊಂಬತ್ತು. ನಂದು ಹದಿಮೂರು ವರ್ಷದ ಸರ್ವಿಸು. ದೇವರಿಗೆ ನಾನು ಹೇಳ್ಕೋತೀನಿ. ಕಮಿಟಿಗೆ ನೀವು ಹೇಳಿ.”

ಬೆಂಚಿನ ಮೇಲೆ ಗುಸುಗುಸು ಎದ್ದಿತು. ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ಲಾರಿ ಕ್ಲೀನರನೊಬ್ಬ ತನ್ನ ಸಂಬಳಕ್ಕೆ ದಿನದ ಭತ್ಯೆ ಸೇರಿಸಿದರೆ ಅದಕ್ಕಿಂತ ಹೆಚ್ಚಾಗುತ್ತದೆಂದು ಪಕ್ಕದವನಿಗೆ ಹೇಳಿದ. ಅವನಿಗೂ ಇದು ಹೊಸ ಸಮಾಚಾರವಾಗಿತ್ತು. ಸ್ವಲ್ಪ ನೆಟ್ಟಗೆ ಕೂತ.

ಅಷ್ಟರಲ್ಲಿ ಕಾಂಪೌಂಡರ್ ದಸ್ತಗೀರ್ ಮಿಕ್ಸ್ಚರ್ ಬಾಟಲಿ ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದು ನಿಂತಿದ್ದ. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದನೆಂಬುದು ಮುಖದಲ್ಲಿ ಕಾಣುತ್ತಿತ್ತು. “ಸಾರ್, ಕೇಳಬಾರದು,” ಎಂದ. “ನಿಮಗೂ ನನಗೂ ಸಂಬಳ ಕೊಡೋದು ಕಮಿಟಿ ಅಧ್ಯಕ್ಷರೇ ಅಲ್ವಾ? ನಿಮಗಿಂತ ನನಗೇ ಸ್ವಲ್ಪ ಜಾಸ್ತಿ, ಮ್ಯಾನೇಜರಿಗೆ ಹೇಳಬೇಡ ಅಂದಿದ್ರು.”

ವೆಂಕಟರಾಮಯ್ಯನವರು ಕನ್ನಡಕ ತೆಗೆದರು. ಅಧ್ಯಕ್ಷರು ತಮಗೂ ಅದೇ ಮಾತು ಹೇಳಿದ್ದರೆಂದು, ತಾವು ಕಲಿತದ್ದೂ ಅಲ್ಲಿಂದಲೇ ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನರ್ಸುಗಳನ್ನು ಒಂದು ನಿಮಿಷ ಹೊರಗಿರಿ ಎಂದು ಕೇಳಿಕೊಂಡು, ದಸ್ತಗೀರನನ್ನು ಒಳಗೆ ಕರೆದರು. ಬಾಗಿಲು ಮುಚ್ಚಿತು. ಮತ್ತೆ ಸ್ವಲ್ಪ ತೆರೆಯಿತು. ಒಂದು ಕೈ ಹೊರಗೆ ಬಂದು, ತೊಳೆಯುವ ಬೇಸಿನ್ನಿನ ಪಕ್ಕದಲ್ಲಿ ನೇತುಹಾಕಿದ್ದ ಟವಲನ್ನು ಎಳೆದುಕೊಂಡು ಒಳಗೆ ಹೋಯಿತು.

ಇಬ್ಬರೂ ಹೊರಗೆ ಬಂದಾಗ ದಸ್ತಗೀರ್ ಯಾರ ಮುಖವನ್ನೂ ನೋಡದೆ ಮಿಕ್ಸ್ಚರ್ ಕಡೆ ಹೋದ. ವೆಂಕಟರಾಮಯ್ಯನವರ ಮೆದು ದನಿ ಎಲ್ಲಿಗೋ ಹೋಗಿತ್ತು.

“ಕಮಿಟಿ ಮೀಟಿಂಗು ಯಾವಾಗ ಅಂತ ಯಾರಿಗಾದ್ರೂ ನೆನಪಿದೆಯಾ?” ಎಂದು ಕೇಳಿದರು. ಕರೆಯಬೇಕಾದವರು ಅವರೇ ಎಂದು ಮುನಿನಾರಾಯಣಮ್ಮ ನೆನಪಿಸಿದಳು.

ಮೀಟಿಂಗು ಆ ವಾರವೇ ಆಯಿತು. ಸರ್ವಿಸಿಗೆ ತಕ್ಕ ಸಂಬಳ ಎಂಬ ಮಾತನ್ನು ಮ್ಯಾನೇಜರು ಎಷ್ಟು ಕಟುವಾಗಿ ಮಂಡಿಸಿದರೆಂದರೆ, ಪುಣ್ಯಕ್ಕೆ ಆಸ್ಪತ್ರೆ ನಡೆಸುತ್ತಿದ್ದ ವ್ಯಾಪಾರಿಗಳು ಪುಣ್ಯ ಇಷ್ಟು ತುಟ್ಟಿಯೆಂದು ಮೊದಲೇ ಗೊತ್ತಿದ್ದರೆ ಛತ್ರ ಕಟ್ಟಿಸುತ್ತಿದ್ದೆವೆಂದು ತಮ್ಮತಮ್ಮಲ್ಲೇ ಅಂದುಕೊಂಡರು. ಅಧ್ಯಕ್ಷರು ಒಬ್ಬೊಬ್ಬರನ್ನಾಗಿ ಕರೆದು ಮಾತಾಡೋಣ ಎಂದು ಸೂಚಿಸಿದರು. ಬೇಡ, ಎಲ್ಲರೂ ಜಗಲಿಯಲ್ಲೇ ಇದ್ದಾರೆ, ಗಟ್ಟಿಯಾಗಿ ಹೇಳಿದರೆ ಸಾಕು ಎಂದರು ವೆಂಕಟರಾಮಯ್ಯನವರು. ಹಾಗೆಯೇ ಆಯಿತು. ಯಾರಿಗೆ ಎಷ್ಟು ಎಂಬುದನ್ನು ಸಿಡುಬಿನ ಚುಚ್ಚುಮದ್ದಿನ ವೇಳೆಯ ಪಕ್ಕದಲ್ಲಿ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಸಿದರು. ಆ ದಿನ ಚುಚ್ಚುಮದ್ದಿಗೆಂದು ಬಂದವರಲ್ಲಿ ಹಲವರು ಸಂಬಳ ಓದಿಕೊಂಡು ಚುಚ್ಚಿಸಿಕೊಳ್ಳುವುದನ್ನು ಮರೆತು ಹೋದರು.

ಅಂಜನಮ್ಮನಿಗೆ ನೂರ ಹದಿನೈದು ರೂಪಾಯಿ ಆಯಿತು. ಪಟಾಲಮ್ಮ ಮನೆ ಕೊಟ್ಟಳು. ಲಕ್ಷ್ಮಿದೇವಿ ಜೂನ್ ತಿಂಗಳಲ್ಲಿ ಯಶವಂತಪುರದ ಶಾಲೆಯಲ್ಲಿ ಐದನೆಯ ಕ್ಲಾಸಿಗೆ ಸೇರಿದಳು.